ಗೋಡೆಯ ಬಣ್ಣ ಹಕ್ಕಳೆ ಏಳುವಿಕೆ

ಗೋಡೆಗೆ ಬಳಿದ ಬಣ್ಣವು ತಳದ ಹಿಡಿತವನ್ನು ಕಳೆದುಕೊಂಡು ಉಬ್ಬಿ, ಬಿರಿದು, ಪದರ ಪದರವಾಗಿ ಕಳಚಿ ಬೀಳುವುದನ್ನು ಹಕ್ಕಳೆ ಏಳುವುದು ಎನ್ನುತ್ತಾರೆ. ಆಡುಮಾತಿನಲ್ಲಿ ಬಣ್ಣ ಸುಲಿಯುವುದು, ಬಣ್ಣ ಎದ್ದು ಬರುವುದು, ಚಕ್ಕೆ ಏಳುವುದು ಎಂಬ ಮಾತುಗಳೂ ಬಳಕೆಯಲ್ಲಿವೆ. ಕೋಣೆಗೆ ಹೊಸದಾಗಿ ಬಣ್ಣ ಹೊಡೆಸುವ ಮುನ್ನ ಹಕ್ಕಳೆಯನ್ನು ಹೆರೆದು ತೆಗೆಯುವುದು ವಾಡಿಕೆ. ಆದರೆ ಹಕ್ಕಳೆಯು ಗೋಡೆಯೊಳಗಿನ ನೀರು, ಉಪ್ಪು ಅಥವಾ ಸಡಿಲವಾದ ಹಳೆಯ ಪದರದ ಹೊರಗುರುತು ಮಾತ್ರ. ಅದರ ಕಾರಣವನ್ನು ಗುರುತಿಸದೆ ಮೇಲೆ ಬಳಿದ ಬಣ್ಣವು, ಅದು ಎಷ್ಟೇ ಬೆಲೆಯದಾಗಿದ್ದರೂ, ಒಂದೆರಡು ಮಳೆಗಾಲಗಳಲ್ಲಿ ಅದೇ ಜಾಗದಲ್ಲಿ ಮತ್ತೆ ಏಳುತ್ತದೆ. ಹಳೆಯ ಎಣ್ಣೆಬಣ್ಣಗಳಲ್ಲಿ ಸೀಸ ಇರಬಹುದಾದ್ದರಿಂದ, ಹೆರೆಯುವ ಕೆಲಸವು ಮನೆಯ ಅಂದಕ್ಕಷ್ಟೇ ಅಲ್ಲದೆ ಮಕ್ಕಳ ಆರೋಗ್ಯಕ್ಕೂ ಸಂಬಂಧಿಸಿದ ವಿಷಯವಾಗಿದೆ.

ಹಿನ್ನೆಲೆ

ಕರ್ನಾಟಕದ ಬಯಲುಸೀಮೆಯ ಮನೆಗಳಿಗೆ ಬಹುಕಾಲ ಸುಣ್ಣವೇ ಬಣ್ಣವಾಗಿತ್ತು. ಹಬ್ಬಕ್ಕೋ ಮದುವೆಗೋ ಗೋಡೆಗೆ ಸುಣ್ಣ ಬಳಿದು, ಬುಡದಲ್ಲಿ ಕೆಮ್ಮಣ್ಣಿನ ಪಟ್ಟಿ ಎಳೆಯುತ್ತಿದ್ದರು. ಈ ಜೋಡಿಗೆ ಹಳ್ಳಿಗಳಲ್ಲಿ ಸುಣ್ಣ-ಜಾಜು ಎಂದೇ ಹೆಸರು. ಸುಣ್ಣದ ಹಳದಿ ಛಾಯೆಯನ್ನು ಮರೆಸಲು ಬಟ್ಟೆಗೆ ಹಾಕುವ ನೀಲಿಯನ್ನು ಚಿಟಿಕೆಯಷ್ಟು ಬೆರೆಸುವುದಿತ್ತು. ಅನಂತರ ಸೀಮೆಸುಣ್ಣದ ಪುಡಿಗೆ ಅಂಟು ಸೇರಿಸಿದ ಡಿಸ್ಟೆಂಪರ್, ಹೊರಗೋಡೆಗೆ ಸಿಮೆಂಟು ಬಣ್ಣ, ಅಡುಗೆಮನೆಗೂ ಶಾಲೆಯ ಕೊಠಡಿಗಳ ಅರ್ಧಗೋಡೆಗೂ ಆಯಿಲ್ ಪೇಂಟ್, ಇತ್ತೀಚಿನ ದಶಕಗಳಲ್ಲಿ ಪ್ಲಾಸ್ಟಿಕ್ ಎಮಲ್ಷನ್ ಬಂದವು. ಕಾರ್ಖಾನೆಯ ಬಣ್ಣ ಈ ನಾಡಿಗೆ ತೀರ ಹೊಸದೇನಲ್ಲ. ಇಂದು ಚುನಾವಣೆಯ ಅಳಿಸಲಾಗದ ಶಾಯಿಗೆ ಹೆಸರಾದ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಸಂಸ್ಥೆಯು 1937ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿ ಆರಂಭವಾದದ್ದು.

ತೊಂದರೆ ಶುರುವಾದದ್ದು ಈ ಹೊಸ ಬಣ್ಣಗಳನ್ನು ಹಳೆಯ ಗೋಡೆಗಳ ಮೇಲೆ ಬಳಿದಾಗ. ಸುಣ್ಣವು ಗೋಡೆಯ ಮೇಲೆ ಕುಳಿತ ಹೊದಿಕೆಯಲ್ಲ. ಅದು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ ಕಲ್ಲಾಗುವ ವಸ್ತು. ಅದರಲ್ಲಿ ಸೂಕ್ಷ್ಮ ರಂಧ್ರಗಳಿರುವುದರಿಂದ ಗೋಡೆಯ ತೇವ ಅದರ ಮೂಲಕ ಆವಿಯಾಗಿ ಹೊರಬರುತ್ತದೆ. ಎಣ್ಣೆಬಣ್ಣವೂ ಎಮಲ್ಷನ್ನೂ ಹಾಗಲ್ಲ. ಅವು ಗೋಡೆಯ ಮೇಲೆ ಹಾಳೆಯಂತೆ ಹರಡಿಕೊಳ್ಳುತ್ತವೆ. ಒಳಗಿನ ತೇವಕ್ಕೆ ಹೊರದಾರಿ ಸಿಗದಿದ್ದಾಗ ಅದು ಹಾಳೆಯನ್ನೇ ಎತ್ತುತ್ತದೆ.

ಕಾರಣಗಳು

ಎಲ್ಲಕ್ಕಿಂತ ಸಾಮಾನ್ಯವಾದ ಕಾರಣ ನೀರು. ಅದು ಗೋಡೆಗೆ ಬರುವ ದಾರಿಗಳು ಹಲವು. ಮಾಳಿಗೆ ಅಥವಾ ತಾರಸಿಯ ಬಿರುಕಿನಿಂದ ಇಳಿದ ನೀರು ಗೋಡೆಯ ಮೇಲ್ಭಾಗದಲ್ಲಿ, ಸೂರಿನ ಮೂಲೆಯಲ್ಲಿ ಕಲೆ ಮೂಡಿಸುತ್ತದೆ. ಬಚ್ಚಲುಮನೆಯ ಕೊಳವೆ ಸೋರಿದರೆ ಪಕ್ಕದ ಕೋಣೆಯ ಗೋಡೆಯ ನಡುವೆ ಒಂದೇ ಕಡೆ ಬಣ್ಣ ಉಬ್ಬುತ್ತದೆ. ನೆಲದ ತೇವ ತಳಪಾಯದಿಂದ ಮೇಲಕ್ಕೇರಿದರೆ ಗೋಡೆಯ ಬುಡದಿಂದ ಸುಮಾರು ಒಂದು ಮೀಟರ್ ಎತ್ತರದವರೆಗೆ, ಹೆಚ್ಚುಕಡಿಮೆ ಸಮರೇಖೆಯಲ್ಲಿ, ಬಣ್ಣ ಕಳಚುತ್ತದೆ. ಹೊಸ ಕಟ್ಟಡಗಳಲ್ಲಿ ಇದನ್ನು ತಡೆಯಲು ತಳಪಾಯದ ಮೇಲೆ ತೇವ ತಡೆಯುವ ಪದರ ಹಾಕುತ್ತಾರೆ. ಹಳೆಯ ಕಲ್ಲು-ಮಣ್ಣಿನ ಮನೆಗಳಲ್ಲಿ ಅದು ಇರುವುದಿಲ್ಲ. ಕಲೆ ಎಲ್ಲಿದೆ ಎಂಬುದನ್ನು ನೋಡಿಯೇ ನೀರಿನ ಮೂಲವನ್ನು ಬಹುಮಟ್ಟಿಗೆ ಊಹಿಸಬಹುದು.

ಎರಡನೆಯದು ಉಪ್ಪು. ಗೋಡೆಯೊಳಗಿನ ನೀರು ಮಣ್ಣು, ಇಟ್ಟಿಗೆ, ಗಾರೆಗಳಲ್ಲಿರುವ ಲವಣಗಳನ್ನು ಕರಗಿಸಿಕೊಂಡು ಮೇಲ್ಮೈಗೆ ಬರುತ್ತದೆ. ನೀರು ಆವಿಯಾದ ಮೇಲೆ ಲವಣ ಹರಳುಗಟ್ಟುತ್ತದೆ. ಹರಳು ಬೆಳೆಯುವಾಗ ಉಂಟಾಗುವ ಒತ್ತಡವು ಬಣ್ಣವನ್ನಷ್ಟೇ ಅಲ್ಲ, ಗಾರೆಯ ಮೇಲ್ಪದರವನ್ನೂ ಪುಡಿ ಮಾಡುತ್ತದೆ. ಗೋಡೆ ಸವುಳು ಹಿಡಿದಿದೆ ಎನ್ನುವುದು ಇದನ್ನೇ. ಬಿಳಿಯ, ಹತ್ತಿಯಂತಹ ಅಥವಾ ಹಿಟ್ಟಿನಂತಹ ಪುಡಿ ಕಾಣಿಸಿದರೆ ನೀರು ನಿಂತ ಮೇಲೂ ಕೆಲಸ ಮುಗಿದಿಲ್ಲವೆಂದು ತಿಳಿಯಬೇಕು. ಏಕೆಂದರೆ ಕ್ಲೋರೈಡ್, ನೈಟ್ರೇಟ್ ಬಗೆಯ ಕೆಲವು ಲವಣಗಳು ಮಳೆಗಾಲದ ಗಾಳಿಯಿಂದಲೇ ತೇವವನ್ನು ಹೀರಿಕೊಳ್ಳುತ್ತವೆ.

ಮೂರನೆಯದು ತಳದ ದೋಷ. ಪುಡಿಯಾಗುತ್ತಿರುವ ಹಳೆಯ ಸುಣ್ಣ ಅಥವಾ ಡಿಸ್ಟೆಂಪರಿನ ಮೇಲೆ ಬಳಿದ ಎಮಲ್ಷನ್ ಆ ಪುಡಿಯನ್ನು ಹಿಡಿಯುತ್ತದೆಯೇ ಹೊರತು ಗೋಡೆಯನ್ನಲ್ಲ. ನುಣುಪಾದ ಎಣ್ಣೆಬಣ್ಣವನ್ನು ಉಜ್ಜಿ ಒರಟು ಮಾಡದೆ ಮೇಲೆ ಬಳಿದರೂ ಹಿಡಿತ ಸಿಗುವುದಿಲ್ಲ. ಹೊಸ ಸಿಮೆಂಟು ಗಾರೆಗೆ ಅವಸರದಲ್ಲಿ ಎಣ್ಣೆಬಣ್ಣ ಹೊಡೆದರೆ, ಗಾರೆಯ ಕ್ಷಾರವು ಬಣ್ಣದ ಎಣ್ಣೆಯೊಡನೆ ಸೇರಿ ಸಾಬೂನಿನಂತಹ ಜಿಗುಟು ವಸ್ತುವನ್ನು ಉಂಟುಮಾಡುತ್ತದೆ. ಹೊಸ ಗಾರೆಯನ್ನು ಕನಿಷ್ಠ 4 ವಾರವಾದರೂ ಒಣಗಲು ಬಿಡಬೇಕೆಂಬ ಸಲಹೆಗೆ ಕಾರಣ ಇದು.

ಹಕ್ಕಳೆಯ ಬೆನ್ನು ನೋಡುವುದು

ಹೆರೆಯಲು ತೊಡಗುವ ಮೊದಲು ಗೋಡೆಯ ನಾಲ್ಕಾರು ಕಡೆಯಿಂದ ಒಂದೊಂದು ಹಕ್ಕಳೆಯನ್ನು ಒಡೆಯದಂತೆ ಎತ್ತಿ, ಅದರ ಹಿಂಬದಿಯನ್ನು ಪರೀಕ್ಷಿಸುವುದು ಅತ್ಯಂತ ಉಪಯುಕ್ತವಾದ, ಯಾವ ಖರ್ಚೂ ಇಲ್ಲದ ಪರೀಕ್ಷೆ. ಬಣ್ಣದ ಅಂಗಡಿಯ ಯಾವ ಸಲಹೆಗಿಂತಲೂ ಇದು ಹೆಚ್ಚು ತಿಳಿಸುತ್ತದೆ.

ಹಿಂಬದಿಯಲ್ಲಿ ಬೆರಳಿಗೆ ಅಂಟುವ ಬಿಳಿ ಪುಡಿಯಿದ್ದು, ಗೋಡೆಯ ಮೇಲೂ ಅದೇ ಪುಡಿ ಉಳಿದಿದ್ದರೆ, ಕೆಳಗಿನ ಸುಣ್ಣದ ಅಥವಾ ಡಿಸ್ಟೆಂಪರಿನ ಪದರ ಕೈಕೊಟ್ಟಿದೆ. ಹಿಂಬದಿಯಲ್ಲಿ ಮರಳಿನ ಕಣಗಳು ಅಂಟಿಕೊಂಡು ಬಂದರೆ ದೋಷ ಬಣ್ಣದ್ದಲ್ಲ, ಗಾರೆಯದು. ಗಾರೆಯಲ್ಲಿ ಸಿಮೆಂಟು ಕಡಿಮೆಯಾಗಿರಬಹುದು, ನೀರು ಕುಡಿಸದೆ ಬಿಟ್ಟಿರಬಹುದು, ಅಥವಾ ಉಪ್ಪು ಅದನ್ನು ತಿಂದಿರಬಹುದು. ಕೆಳಗೆ ಮತ್ತೊಂದು ಬಣ್ಣ ಹೊಳೆಯುತ್ತ ಸ್ವಚ್ಛವಾಗಿ ಕಂಡರೆ ಎರಡು ಬಣ್ಣಗಳ ನಡುವೆ ಹಿಡಿತವಿಲ್ಲ ಎಂದರ್ಥ. ಕೆಳಗೆ ಗೋಡೆ ತಣ್ಣಗೆ, ಕಪ್ಪಾಗಿ ಕಂಡರೆ ನೀರು ಇನ್ನೂ ಇದೆ.

ನೀರಿನ ಬಗ್ಗೆ ಸಂಶಯವಿದ್ದಲ್ಲಿ, ಹೆರೆದು ಸ್ವಚ್ಛ ಮಾಡಿದ ಜಾಗಕ್ಕೆ ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪು ಹಚ್ಚಿ ಗಾಳಿಯಾಡದಂತೆ ಒಂದೆರಡು ದಿನ ಅಂಟಿಸಿಡುತ್ತಾರೆ. ಹಾಳೆಯ ಒಳಮೈಯಲ್ಲಿ ಹನಿಗಟ್ಟಿದರೆ ತೇವ ಗೋಡೆಯೊಳಗಿನಿಂದ ಬರುತ್ತಿದೆ. ಕೋಣೆಯ ಕಡೆಯ ಮೈಯಲ್ಲಿ ಹನಿಗಟ್ಟಿದರೆ ಅದು ಅಡುಗೆಯ ಹಬೆ, ಒಗೆದ ಬಟ್ಟೆ ಮೊದಲಾದವುಗಳಿಂದ ಕೋಣೆಯ ಗಾಳಿಗೆ ಸೇರಿದ ತೇವ. ಗಟ್ಟಿಯಾಗಿ ಕಾಣುವ ಬಣ್ಣದ ಹಿಡಿತವನ್ನು ತಿಳಿಯಲು ಬ್ಲೇಡಿನಿಂದ ಗುಣಾಕಾರದ ಚಿಹ್ನೆಯಂತೆ ಗೀರಿ, ಮೇಲೆ ಗಟ್ಟಿ ಟೇಪು ಒತ್ತಿ, ಒಮ್ಮೆಲೇ ಕೀಳಬೇಕು. ಟೇಪಿನೊಡನೆ ಬಣ್ಣ ಬಂದರೆ ಆ ಭಾಗವೂ ಹೆರೆಯಬೇಕಾದದ್ದೇ.

ಚಿತ್ರದುರ್ಗ ಸೀಮೆಯ ಮನೆಗಳಲ್ಲಿ

ಚಿತ್ರದುರ್ಗ ಜಿಲ್ಲೆಯ ವಾರ್ಷಿಕ ಸರಾಸರಿ ಮಳೆ 600 ಮಿ.ಮೀ.ನ ಆಸುಪಾಸಿನದು. ಹಿರಿಯೂರಿನ ಕಡೆ ಬಯಲು ಹೆಚ್ಚು ಒಣ. ಹೊಳಲ್ಕೆರೆ ತಾಲ್ಲೂಕಿನ ರಾಮಗಿರಿಯ ಸುತ್ತಲಿನ ಗುಡ್ಡಸಾಲು, ತೋಟಗಳ ಪ್ರದೇಶ ತುಸು ತಂಪು. ಇಷ್ಟು ಕಡಿಮೆ ಮಳೆಯ ನಾಡಿನಲ್ಲಿ ಗೋಡೆ ತೇವದಿಂದ ಕೆಡುವುದು ವಿಚಿತ್ರವೆನಿಸಬಹುದು. ಆದರೆ ಇಲ್ಲಿಯ ತೊಂದರೆಯಲ್ಲಿ ನೀರಿಗಿಂತ ಉಪ್ಪಿನ ಪಾಲು ದೊಡ್ಡದು.

ಈ ಭಾಗದ ಹಳೆಯ ಮನೆಗಳು ಹೆಚ್ಚಾಗಿ ಕಲ್ಲಿನ ತಳಪಾಯ, ಮಣ್ಣಿನ ಅಥವಾ ಕಲ್ಲು-ಮಣ್ಣಿನ ದಪ್ಪ ಗೋಡೆ, ಮೇಲೆ ಮಣ್ಣಿನ ಮಾಳಿಗೆ ಇರುವಂಥವು. ತೊಲೆ, ಜಂತೆಗಳ ಮೇಲೆ ಕಡ್ಡಿ, ಸೊಪ್ಪು ಹಾಸಿ, ಮಣ್ಣು ತುಂಬಿ, ಕೊನೆಗೆ ಕರಲು ಮಣ್ಣನ್ನು ಹರಡುತ್ತಾರೆ. ಸೋಡಿಯಂ ಲವಣಗಳಿಂದ ಕೂಡಿದ ಈ ಮಣ್ಣು ನೀರು ತಗುಲಿದೊಡನೆ ಮೆತ್ತಿಕೊಂಡು ರಂಧ್ರಗಳನ್ನು ಮುಚ್ಚುವುದರಿಂದ ಮಾಳಿಗೆ ಸೋರುವುದಿಲ್ಲ. ಬೇಸಾಯಕ್ಕೆ ಬಾರದ ಮಣ್ಣನ್ನು ಸೂರಿಗೆ ಬಳಸಿಕೊಂಡ ಈ ಜಾಣ್ಮೆ ಮೆಚ್ಚತಕ್ಕದ್ದು. ಹೊಸದುರ್ಗ ತಾಲ್ಲೂಕಿನ ಮತ್ತೋಡಿನಲ್ಲಿ ಹಿಂದೆ ಗಾಜಿನ ಬಳೆ ತಯಾರಾಗುತ್ತಿದ್ದುದಕ್ಕೂ ನೆಲದ ಮೇಲೆ ಮೂಡುವ ಸವುಳೇ ಆಧಾರವಾಗಿತ್ತು. ಆದರೆ ಮಾಳಿಗೆಯನ್ನು ವರ್ಷವರ್ಷವೂ ನೋಡಿಕೊಳ್ಳದೆ ಬಿಟ್ಟರೆ, ಮಳೆಯ ನೀರು ಆ ಲವಣವನ್ನೇ ಹೊತ್ತುಕೊಂಡು ಗೋಡೆಗೆ ಇಳಿಯುತ್ತದೆ.

ದನಗಳನ್ನು ಮನೆಯ ಮುಂಭಾಗದಲ್ಲೇ ಕಟ್ಟುತ್ತಿದ್ದ ಮನೆಗಳಲ್ಲಿ ಇನ್ನೊಂದು ಬಗೆಯ ಉಪ್ಪು ಸೇರುತ್ತದೆ. ಗಂಜಲ ಹೀರಿದ ನೆಲ, ಗೋಡೆಗಳಲ್ಲಿ ಕಾಲಕ್ರಮದಲ್ಲಿ ನೈಟ್ರೇಟ್ ಉಂಟಾಗುತ್ತದೆ. ಪೆಟ್ಲುಪ್ಪು ಎಂಬುದು ಇದೇ ಜಾತಿಯದು. ಹಿಂದೆ ಹಳೆಯ ಊರುಗಳ ಮಣ್ಣಿನಿಂದ ಪೆಟ್ಲುಪ್ಪು ತೆಗೆದು ಮದ್ದಿಗೆ ಬಳಸುತ್ತಿದ್ದರು. ಚಿತ್ರದುರ್ಗದ ಕೋಟೆಯಲ್ಲಿ ಇಂದಿಗೂ ಕಾಣುವ ಮದ್ದು ಬೀಸುವ ಬೃಹತ್ ಕಲ್ಲುಗಳನ್ನು ನೋಡಿದವರಿಗೆ ಇದು ನೆನಪಾದೀತು. ಕೊಟ್ಟಿಗೆಯಾಗಿದ್ದ ಅಂಕಣವನ್ನು ಈಗ ಮಲಗುವ ಕೋಣೆಯಾಗಿಸಿ ಎಮಲ್ಷನ್ ಹೊಡೆಸಿದಾಗ, ಕೆಳಗಿನ ಮೂರಡಿ ಗೋಡೆ ಮಾತ್ರ ಪದೇ ಪದೇ ಸುಲಿಯುವುದರ ಗುಟ್ಟು ಇದು. ಹೊಸ ಮನೆಗಳಲ್ಲಿಯೂ ಉಪ್ಪಿನಂಶದ ಕೊಳವೆಬಾವಿ ನೀರಿನಲ್ಲಿ ಗಾರೆ ಕಲಸಿ, ಅದೇ ನೀರನ್ನು ಗೋಡೆಗೆ ಕುಡಿಸಿದರೆ ಇದೇ ಫಲ.

ಕಾಲದ ವಿಷಯವೂ ಇದೆ. ಜಿಲ್ಲೆಯಲ್ಲಿ ಹೆಚ್ಚು ಮಳೆ ಸುರಿಯುವುದು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ. ಜನ ಬಣ್ಣ ಹೊಡೆಸುವುದು ದಸರೆ, ದೀಪಾವಳಿಗಳಿಗೆ. ಅಂದರೆ ಗೋಡೆ ವರ್ಷದಲ್ಲೇ ಅತಿ ಹೆಚ್ಚು ನೀರು ಕುಡಿದಿರುವ ಹೊತ್ತಿಗೆ ಅದಕ್ಕೆ ಹಾಳೆ ಹೊದಿಸಿದಂತಾಗುತ್ತದೆ. ಸುಣ್ಣ ಬಳಿಯುವವರೆಗೆ ಇದರಿಂದ ತೊಂದರೆಯಿರಲಿಲ್ಲ, ಏಕೆಂದರೆ ಒದ್ದೆ ಗೋಡೆ ಸುಣ್ಣಕ್ಕೆ ಹಿತ. ಎಮಲ್ಷನ್ ಬಂದ ಮೇಲೆ ಕಾಲ ಬದಲಾಗಬೇಕಿತ್ತು, ಪದ್ಧತಿ ಬದಲಾಗಲಿಲ್ಲ. ಕೋಣೆಯ ಹಕ್ಕಳೆ ತೆಗೆಸಿ ಬಣ್ಣ ಮಾಡಿಸಲು ಫೆಬ್ರವರಿಯಿಂದ ಯುಗಾದಿಯವರೆಗಿನ ಒಣದಿನಗಳೇ ಈ ಸೀಮೆಯಲ್ಲಿ ಸೂಕ್ತ. ದಪ್ಪ ಗೋಡೆ ತಿಂಗಳಿಗೆ ಸುಮಾರು 25 ಮಿ.ಮೀ.ನಂತೆ ಒಣಗುತ್ತದೆ ಎಂಬುದು ಕಟ್ಟಡ ತಜ್ಞರ ಸ್ಥೂಲ ಲೆಕ್ಕ. ಒಂದೂವರೆ ಅಡಿಯ ಮಣ್ಣಿನ ಗೋಡೆ ಪೂರ್ತಿ ಒಣಗಲು ತಿಂಗಳುಗಳೇ ಹಿಡಿಯುತ್ತವೆ. ಹಬ್ಬಕ್ಕೆ ವಾರ ಇರುವಾಗ ಸೋರಿಕೆ ನಿಲ್ಲಿಸಿ, ಮರುದಿನವೇ ಬಣ್ಣ ಹೊಡೆಸುವುದು ಹಣ ಪೋಲು ಮಾಡಿದಂತೆ.

ಸೀಸದ ಅಪಾಯ

ಬಣ್ಣ ಬೇಗ ಒಣಗಲೆಂದೂ ಹೊಳಪು ಹೆಚ್ಚಲೆಂದೂ ಬಹುಕಾಲ ಎಣ್ಣೆಬಣ್ಣಗಳಲ್ಲಿ ಸೀಸದ ಸಂಯುಕ್ತಗಳನ್ನು ಬೆರೆಸುತ್ತಿದ್ದರು. ಕಡು ಹಳದಿ, ಕಿತ್ತಳೆ, ಕೆಂಪು, ಹಸಿರು ಬಣ್ಣಗಳಲ್ಲಿ ಅದರ ಪ್ರಮಾಣ ಹೆಚ್ಚು. ಕಬ್ಬಿಣದ ಕಿಟಕಿ ಸರಳುಗಳಿಗೆ ಮೊದಲ ಲೇಪವಾಗಿ ಬಳಿಯುತ್ತಿದ್ದ ಕೆಂಪು ಲೇಪ ಎಷ್ಟೋ ಸಲ ಸೀಸದ ಆಕ್ಸೈಡೇ ಆಗಿರುತ್ತಿತ್ತು. ಅಮೆರಿಕದಲ್ಲಿ ಮನೆಬಳಕೆಯ ಬಣ್ಣಗಳಲ್ಲಿ ಸೀಸವನ್ನು 1978ರಲ್ಲಿಯೇ ನಿಷೇಧಿಸಲಾಯಿತು. ಭಾರತ ಸರ್ಕಾರ ಮನೆ ಮತ್ತು ಅಲಂಕಾರದ ಬಣ್ಣಗಳಲ್ಲಿ ಸೀಸದ ಮಿತಿಯನ್ನು ಹತ್ತು ಲಕ್ಷಕ್ಕೆ 90 ಭಾಗವೆಂದು ಗೊತ್ತುಪಡಿಸಿ 2016ರಲ್ಲಿ ನಿಯಮ ಹೊರಡಿಸಿತು. ಅದು 2017ರ ನವೆಂಬರ್ 1ರಿಂದ ಜಾರಿಗೆ ಬಂತು. ಆದ್ದರಿಂದ ಅದಕ್ಕೆ ಮೊದಲು ಬಳಿದ ಎಣ್ಣೆಬಣ್ಣದಲ್ಲಿ ಸೀಸವಿದೆಯೆಂದೇ ಭಾವಿಸಿ ಕೆಲಸ ಮಾಡುವುದು ವಿವೇಕ. ಬರಿಯ ಸುಣ್ಣದ ಗೋಡೆಗೆ ಈ ಭಯವಿಲ್ಲ. ಅರ್ಧಗೋಡೆಯ ಆಯಿಲ್ ಪೇಂಟ್, ಬಾಗಿಲು, ಕಿಟಕಿ, ಸರಳುಗಳ ಬಗ್ಗೆ ಎಚ್ಚರ ಬೇಕು.

ಸೀಸವು ಬೆಳೆಯುವ ಮಕ್ಕಳ ಮಿದುಳಿಗೆ ಹಾನಿ ಮಾಡುತ್ತದೆ. ಕಲಿಕೆಯ ಶಕ್ತಿ, ಗಮನ, ನಡವಳಿಕೆಗಳ ಮೇಲೆ ಆಗುವ ಈ ಹಾನಿ ಬಹುಪಾಲು ಮರಳಿ ಸರಿಹೋಗುವಂಥದ್ದಲ್ಲ. ತರಗತಿಯಲ್ಲಿ ಹಿಂದುಳಿದ ಮಗುವನ್ನು ದಡ್ಡನೆಂದು ಬಗೆಯುವವರು ಯೋಚಿಸಬೇಕಾದ ಸಂಗತಿಯಿದು. ಸುರಕ್ಷಿತವೆನ್ನಬಹುದಾದ ಸೀಸದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಂದು ಡೆಸಿಲೀಟರ್ ರಕ್ತದಲ್ಲಿ 5 ಮೈಕ್ರೋಗ್ರಾಂ ಸೀಸ ಕಂಡುಬಂದರೆ ಅದರ ಮೂಲವನ್ನು ಹುಡುಕಿ ನಿವಾರಿಸಬೇಕೆಂಬುದು ಆ ಸಂಸ್ಥೆಯ 2021ರ ಮಾರ್ಗಸೂಚಿ. ಜಗತ್ತಿನಲ್ಲಿ ಸುಮಾರು 80 ಕೋಟಿ ಮಕ್ಕಳ ರಕ್ತದಲ್ಲಿ ಈ ಮಟ್ಟ ಅಥವಾ ಅದಕ್ಕಿಂತ ಹೆಚ್ಚು ಸೀಸವಿದೆಯೆಂದು ಯುನಿಸೆಫ್ 2020ರಲ್ಲಿ ಅಂದಾಜು ಮಾಡಿತು. ಇದಕ್ಕೆ ಬಣ್ಣವೊಂದೇ ಕಾರಣವಲ್ಲ. ಬ್ಯಾಟರಿ ಕರಗಿಸುವ ಉದ್ಯಮದ ಪಾಲು ದೊಡ್ಡದು. ಭಾರತದಲ್ಲಿ ಈ ವಿಷಯವನ್ನು ಸಾರ್ವಜನಿಕರ ಗಮನಕ್ಕೆ ತಂದವರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಜೀವರಸಾಯನ ವಿಜ್ಞಾನಿ ಡಾ. ತುಪ್ಪಿಲ್ ವೆಂಕಟೇಶ್ ಪ್ರಮುಖರು.

ಗೋಡೆಯ ಮೇಲೆ ಗಟ್ಟಿಯಾಗಿ ಕುಳಿತ ಬಣ್ಣದಿಂದ ಅಪಾಯ ಕಡಿಮೆ. ಅದು ಹಕ್ಕಳೆಯಾಗಿ ಬಿದ್ದಾಗ, ಅದಕ್ಕಿಂತ ಹೆಚ್ಚಾಗಿ ಒಣ ಉಜ್ಜುಕಾಗದದಿಂದ ತಿಕ್ಕಿದಾಗ ಏಳುವ ನವುರಾದ ಧೂಳಿನಿಂದ ಸೀಸ ದೇಹ ಸೇರುತ್ತದೆ. ಅಂಬೆಗಾಲಿಡುವ ಮಗು ನೆಲ ಮುಟ್ಟಿದ ಕೈಯನ್ನು ಬಾಯಿಗಿಡುತ್ತದೆ. ಆದ್ದರಿಂದ ಎಣ್ಣೆಬಣ್ಣ ತೆಗೆಯುವಾಗ ನೀರು ಚಿಮುಕಿಸಿ ಒದ್ದೆ ಮಾಡಿಕೊಂಡೇ ಹೆರೆಯಬೇಕು, ನೀರಿನಲ್ಲಿ ಬಳಸಬಹುದಾದ ಉಜ್ಜುಕಾಗದವನ್ನೇ ಉಪಯೋಗಿಸಬೇಕು. ಬೆಂಕಿಯ ಉರಿಯಿಂದ ಸುಟ್ಟು ತೆಗೆಯುವುದು, ಯಂತ್ರದಿಂದ ಒಣದಾಗಿ ಉಜ್ಜುವುದು ಸಲ್ಲದು. ಕೆಲಸ ನಡೆಯುವಷ್ಟು ದಿನವೂ ಮಕ್ಕಳು ಮತ್ತು ಗರ್ಭಿಣಿಯರು ಆ ಕೋಣೆಗೆ ಬರಬಾರದು. ದಿನಗೂಲಿಯ ಬಣ್ಣದವರು ಮೂಗಿಗೆ ಬರಿಯ ಟವೆಲು ಸುತ್ತಿಕೊಂಡು ಈ ಕೆಲಸ ಮಾಡುವುದನ್ನು ಎಲ್ಲೆಡೆ ಕಾಣಬಹುದು. ನವುರು ಧೂಳನ್ನು ಟವೆಲು ತಡೆಯುವುದಿಲ್ಲ. ಅವರಿಗೆ ತಕ್ಕ ಮುಖಗವಸು ಒದಗಿಸುವುದು, ಊಟಕ್ಕೆ ಮುಂಚೆ ಸಾಬೂನಿನಿಂದ ಕೈ, ಮುಖ ತೊಳೆಯಲು ಅನುಕೂಲ ಮಾಡಿಕೊಡುವುದು ಮನೆಯವರ ಹೊಣೆ. ಆ ಬಟ್ಟೆಯಲ್ಲೇ ಮನೆಗೆ ಹೋದರೆ ಧೂಳು ಅವರ ಮಕ್ಕಳನ್ನೂ ತಲುಪುತ್ತದೆ.

ಹಕ್ಕಳೆ ತೆಗೆದು ಗೋಡೆಯನ್ನು ಸಜ್ಜುಗೊಳಿಸುವುದು

ಮೊದಲು ನೀರಿನ ಮೂಲವನ್ನು ನಿಲ್ಲಿಸಬೇಕು. ತಾರಸಿಯ ಬಿರುಕು, ಒಡೆದ ಕೊಳವೆ, ಗೋಡೆಯ ಹೊರಬದಿಗೆ ಒತ್ತಿಕೊಂಡ ಮಣ್ಣಿನ ರಾಶಿ, ಬುಡಕ್ಕೇ ಬೀಳುವ ಬಚ್ಚಲ ನೀರು, ಇವನ್ನು ಸರಿಪಡಿಸಿದರೆ ಎಷ್ಟೋ ಗೋಡೆಗಳು ತಾವಾಗಿ ಒಣಗುತ್ತವೆ.

ಅನಂತರ ಸಾಮಾನುಗಳನ್ನು ಹೊರಗಿಟ್ಟು, ನೆಲಕ್ಕೆ ದಪ್ಪ ಪ್ಲಾಸ್ಟಿಕ್ ಹಾಸಿ, ಅಗಲ ಬಾಯಿಯ ಪಟ್ಟಿಯಿಂದ ಸಡಿಲವಾದ ಬಣ್ಣವನ್ನು ಹೆರೆಯಲಾಗುತ್ತದೆ. ಎಲ್ಲ ಬಣ್ಣವನ್ನೂ ಕಿತ್ತುಹಾಕಬೇಕೆಂದಿಲ್ಲ. ಗಟ್ಟಿಯಾಗಿ ಹಿಡಿದಿರುವ ಭಾಗವನ್ನು ಉಳಿಸಿಕೊಂಡು, ಅದರ ಅಂಚನ್ನು ಬೆರಳಿಗೆ ತಡೆ ಸಿಗದಂತೆ ಇಳಿಜಾರಾಗಿ ಉಜ್ಜಿದರೆ ಸಾಕು. ಆದರೆ ಕೆಳಗೆ ಸುಣ್ಣ ಅಥವಾ ಡಿಸ್ಟೆಂಪರಿನ ಪುಡಿಪದರ ಇದೆಯೆಂದು ಗೊತ್ತಾದರೆ ಈ ರಿಯಾಯಿತಿ ಇಲ್ಲ. ಅದನ್ನು ಪೂರ್ತಿ ಹೆರೆದು, ಒದ್ದೆ ಸ್ಪಂಜಿನಿಂದ ತೊಳೆದು, ಅಂಗೈಯಿಂದ ಒರೆಸಿದಾಗ ಪುಡಿ ಹತ್ತದಂತೆ ಮಾಡಬೇಕು.

ಉಪ್ಪು ಮೂಡಿದ ಗೋಡೆಯನ್ನು ಮಾತ್ರ ತೊಳೆಯಬಾರದು. ತೊಳೆದರೆ ಉಪ್ಪು ಕರಗಿ ಮತ್ತೆ ಗೋಡೆಯೊಳಗೇ ಇಳಿಯುತ್ತದೆ. ಒಣ ಕುಂಚದಿಂದ ಗುಡಿಸಿ, ಪುಡಿಯನ್ನು ಹೊರಗೆ ಹಾಕಿ, ಕೆಲವು ವಾರ ಬಿಟ್ಟು ಮತ್ತೆ ಗುಡಿಸಬೇಕು. ಗಾರೆ ಪುಡಿಯಾಗಿದ್ದರೆ ಕಲೆಯ ಗೆರೆಯಿಂದ ಒಂದಡಿ ಮೇಲಿನವರೆಗೂ ಕಿತ್ತು ಹೊಸ ಗಾರೆ ಮಾಡಿಸಬೇಕಾಗುತ್ತದೆ. ಮಣ್ಣಿನ ಗೋಡೆಗೆ ಬಿಗಿಯಾದ ಸಿಮೆಂಟು ಗಾರೆ ಹೊಂದುವುದಿಲ್ಲ. ಅದು ತೇವವನ್ನು ತಡೆದು ಇನ್ನೂ ಎತ್ತರಕ್ಕೆ ಏರಿಸುತ್ತದೆ, ಕೊನೆಗೆ ಹಲಗೆಯಂತೆ ಒಟ್ಟಿಗೇ ಕಳಚುತ್ತದೆ. ಇಂಥಲ್ಲಿ ಸುಣ್ಣದ ಗಾರೆಯೇ ಸರಿ. ಬೆಲ್ಲ, ಅಳಲೆಕಾಯಿಯ ರಸ ಬೆರೆಸಿ ಸುಣ್ಣದ ಗಾರೆ ಅರೆಯುವ ದಕ್ಷಿಣ ಭಾರತದ ಹಳೆಯ ವಿಧಾನವನ್ನು ಸ್ಮಾರಕಗಳ ದುರಸ್ತಿಯಲ್ಲಿ ಇಂದಿಗೂ ಅನುಸರಿಸುತ್ತಾರೆ. ಬೂಷ್ಟು ಹಿಡಿದ ಕಡೆ ಬ್ಲೀಚಿಂಗ್ ಪುಡಿಯ ತಿಳಿನೀರು ಹಚ್ಚಿ ಒಣಗಿಸಬಹುದು. ಅದಕ್ಕೆ ಆಸಿಡ್ ಸೋಕಿದರೆ ವಿಷಾನಿಲ ಏಳುತ್ತದೆ.

ಗುಳಿ, ಬಿರುಕುಗಳಿಗೆ ಪುಟ್ಟಿ ತುಂಬುವಾಗ ತೇವದ ಸಂಶಯವಿರುವ ಗೋಡೆಗೆ ಬಿಳಿ ಸಿಮೆಂಟಿನ ಪುಟ್ಟಿ ಉತ್ತಮ. ಪ್ಲಾಸ್ಟರ್ ಆಫ್ ಪ್ಯಾರಿಸ್ ನೀರು ತಗುಲಿದರೆ ಮೆತ್ತಗಾಗುತ್ತದೆ. ಪುಟ್ಟಿಯನ್ನು ತೆಳುವಾಗಿ ಎರಡು ಸಲ ಎಳೆದು, ಒಣಗಿಸಿ, ಉಜ್ಜಿ, ಧೂಳು ಒರೆಸಿ, ಬಳಿಕ ಪ್ರೈಮರ್ ಬಳಿಯುತ್ತಾರೆ. ಖರ್ಚು ಉಳಿಸಲೆಂದು ಪ್ರೈಮರನ್ನು ಬಿಡುವವರುಂಟು. ಪುಡಿಪುಡಿಯಾದ ತಳವನ್ನು ಬಿಗಿದು ಹಿಡಿಯುವ ಕೆಲಸ ಅದರದೇ ಆದ್ದರಿಂದ, ಉಳಿಸಬೇಕಾದರೆ ಕೊನೆಯ ಕೋಟನ್ನು ಉಳಿಸುವುದು ಮೇಲು. ಗಾರೆ, ಸಿಮೆಂಟು ಗೋಡೆಗಳಿಗೆ ಬಣ್ಣ ಬಳಿಯುವ ಕ್ರಮವನ್ನು ಭಾರತೀಯ ಮಾನಕ ಬ್ಯೂರೋದ ಐಎಸ್ 2395 ಸಂಹಿತೆಯಲ್ಲಿ ವಿವರಿಸಲಾಗಿದೆ.

ಮರಳಿ ಸುಣ್ಣಕ್ಕೆ

ತೇವವನ್ನು ಪೂರ್ತಿ ನಿಲ್ಲಿಸಲಾಗದ ಹಳೆಯ ಮಣ್ಣಿನ ಗೋಡೆಗೆ ಅತ್ಯುತ್ತಮ ಬಣ್ಣ ಸುಣ್ಣವೇ. ಇದು ಬಡತನದ ಗುರುತೆಂಬ ಭಾವನೆ ಬಲವಾಗಿದೆ. ಗೋಡೆಯ ದೃಷ್ಟಿಯಿಂದ ನೋಡಿದರೆ ಆ ಭಾವನೆಗೆ ಆಧಾರವಿಲ್ಲ. ಒಂದು ಕಿಲೋ ಸುಟ್ಟ ಸುಣ್ಣಕ್ಕೆ ಸುಮಾರು 5 ಲೀಟರ್ ನೀರಿನ ಲೆಕ್ಕದಲ್ಲಿ ಅರಳಿಸಿ, ಒಂದು ದಿನ ಇಟ್ಟು, ಬಟ್ಟೆಯಲ್ಲಿ ಸೋಸಿ, ಕರಗಿಸಿದ ಅಂಟನ್ನು ಬೆರೆಸಬೇಕು. ಸುಣ್ಣ ಅರಳುವಾಗ ನೀರು ಕುದಿದು ಸಿಡಿಯುತ್ತದೆ. ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯವಾದ್ದರಿಂದ ಮಕ್ಕಳನ್ನು ದೂರವಿಡಬೇಕು. ಸುಣ್ಣವನ್ನು ನೀರಿಗೆ ಸ್ವಲ್ಪಸ್ವಲ್ಪವಾಗಿ ಹಾಕಬೇಕೇ ಹೊರತು ಸುಣ್ಣದ ರಾಶಿಗೆ ನೀರು ಸುರಿಯಬಾರದು. ಗೋಡೆಯನ್ನು ತುಸು ಒದ್ದೆ ಮಾಡಿ, ಹಾಲಿನಷ್ಟು ತೆಳುವಾಗಿ, ದಿನಕ್ಕೊಂದರಂತೆ ಮೂರು ಕೋಟು ಬಳಿದರೆ ಅದು ನಿಲ್ಲುತ್ತದೆ. ದಪ್ಪವಾಗಿ ಒಂದೇ ಕೋಟು ಬಳಿದ ಸುಣ್ಣ ಬಿರಿದು ಹಕ್ಕಳೆ ಏಳುತ್ತದೆ, ಮೈಗೆ ಹತ್ತುತ್ತದೆ. ಸುಣ್ಣಕ್ಕೆ ಕೆಟ್ಟ ಹೆಸರು ಬಂದದ್ದು ಬಹುಮಟ್ಟಿಗೆ ಇದರಿಂದಲೇ. ಎಣ್ಣೆಬಣ್ಣದ ಅಥವಾ ಎಮಲ್ಷನ್ನಿನ ಮೇಲೆ ಸುಣ್ಣ ಹಿಡಿಯುವುದಿಲ್ಲವಾದ್ದರಿಂದ, ಹಿಂದಿನ ಬಣ್ಣವನ್ನು ಗೋಡೆ ಕಾಣುವವರೆಗೆ ತೆಗೆದ ಮೇಲೆಯೇ ಈ ದಾರಿ ತೆರೆಯುತ್ತದೆ.

ಹೆರೆದ ಬಣ್ಣದ ವಿಲೇವಾರಿ

ಎಣ್ಣೆಬಣ್ಣದ ಹಕ್ಕಳೆ, ಧೂಳುಗಳನ್ನು ಒಣಗಿದ ಮೇಲೆ ಪೊರಕೆಯಿಂದ ಗುಡಿಸಬಾರದು. ನೆಲಕ್ಕೆ ಹಾಸಿದ ಪ್ಲಾಸ್ಟಿಕ್ಕನ್ನು ಒದ್ದೆಯಿರುವಾಗಲೇ ಒಳಮುಖವಾಗಿ ಸುತ್ತಿ, ಗಟ್ಟಿ ಚೀಲದಲ್ಲಿ ಕಟ್ಟಿ, ನೆಲವನ್ನು ಸಾಬೂನು ನೀರಿನಿಂದ ಎರಡು ಸಲ ಒರೆಸಬೇಕು. ಪಟ್ಟಣಗಳಲ್ಲಿ ಆ ಚೀಲವನ್ನು ಗೃಹಬಳಕೆಯ ಅಪಾಯಕಾರಿ ಕಸವೆಂದು ಪ್ರತ್ಯೇಕಿಸಿ ಪುರಸಭೆಯ ಕಸದ ವಾಹನಕ್ಕೆ ಕೊಡಬೇಕು. ಹಳ್ಳಿಗಳಲ್ಲಿ ಇದು ತಿಪ್ಪೆ ಸೇರುವುದೇ ಹೆಚ್ಚು. ತಿಪ್ಪೆಯ ಗೊಬ್ಬರ ಹೊಲಕ್ಕೆ ಹೋಗುವುದರಿಂದಲೂ, ಸೀಸವು ಮಣ್ಣಿನಲ್ಲಿ ಕೊಳೆತು ಇಲ್ಲವಾಗುವ ವಸ್ತುವಲ್ಲವಾದ್ದರಿಂದಲೂ, ಅದನ್ನು ತಿಪ್ಪೆಗೆ ಹಾಕಬಾರದು, ಒಲೆಯಲ್ಲಿ ಉರಿಸಲೂ ಬಾರದು. ಹಳೆಯ ಬಣ್ಣ ಹತ್ತಿದ ಬಾಗಿಲು, ಕಿಟಕಿಯ ಚೂರುಗಳನ್ನು ಬಚ್ಚಲ ಒಲೆಗೆ ಹಾಕುವ ರೂಢಿಗೂ ಇದು ಅನ್ವಯಿಸುತ್ತದೆ. ಸುಣ್ಣ ಮತ್ತು ಮಣ್ಣಿನ ಪುಡಿಗೆ ಈ ನಿರ್ಬಂಧವಿಲ್ಲ. ಅದನ್ನು ಅಂಗಳದ ಗುಳಿ ತುಂಬಲು ಬಳಸಬಹುದು.